ಬಾಯಿ ಕಟ್ಟಿದ ತೋಳ

“ಅದನ್ನ ಹೊಡಿಬ್ಯಾಡ್ರಿ ಸಾಹೇಬ್ರ. ಅದರ ಬಾಯಿ ನಾ ಕಟ್ಟೇನಿ.”

ಕುರಿ ಕಾಯುವ ಮುದುಕಿ ಭರಮವ್ವನ ಈ ಮಾತಿಗೆ ಗುರುಸಿದ್ದ ಜೀಪಿನ ಬಾನೆಟ್ಟಿನ ಮೇಲೆ ಕುಳಿತಲ್ಲೇ ಗಹಗಹಿಸಿ ನಕ್ಕ.

“ಯಾತರ್ಲೇ ಕಟ್ಟೀಬೇ? ಹುರಿಹಗ್ಗದ್ಲೇನ?”

“ಮಂತ್ರದ್ಲೆ. ಬಾಯಿ ಕಟ್ಟಿದ್ದನ್ನ ಕೊಂದ್ರ ಅದರ ಕಟ್ಟೂ ಅದರ ಹಸಿವೂ ಕೊಂದಾವಗ ಬರತಾವು.”

“ಬರ್ಲಿ ಬಿಡು. ನಮ್ಮ ಮನ್ಯಾಗ ಜ್ವಾಳಕ್ಕೇನು ಬರಗಾಲ ಬಂದಿಲ್ಲ.”

ಬೆಳಗಾವಿಯ ಉದ್ಯಮಬಾಗದಲ್ಲಿ ಗುರುಸಿದ್ದನದೊಂದು ಫೌಂಡ್ರಿ ಇತ್ತು. ಕುಲುಮೆಯಲ್ಲಿ ಕಬ್ಬಿಣ ಕರಗುವುದನ್ನು ದಿನವೂ ನೋಡಿ, ತನ್ನೆದುರು ಗಟ್ಟಿಯಾಗಿ ನಿಲ್ಲುವ ವಸ್ತು ಲೋಕದಲ್ಲಿ ಯಾವುದೂ ಇಲ್ಲ ಎಂಬ ತೀರ್ಮಾನಕ್ಕೆ ಅವನು ಬಂದಿದ್ದ. ದೇವರೆಂದರೆ ತಾತ್ಸಾರ, ಹಳ್ಳಿಯವರೆಂದರೆ ತಾತ್ಸಾರ, ಹೆಂಡತಿ ಕಾಂತಾಳ ಮಾತೆಂದರೆ ಅದಕ್ಕೂ ಕಡೆ. ಲಿಂಗವಂತರ ಮನೆ, ಅಲ್ಲಿ ಮೊಟ್ಟೆಯ ಸಿಪ್ಪೆಯೂ ಬೀಳುವಂತಿರಲಿಲ್ಲ. ಅವನೂ ಮಾಂಸ ಮುಟ್ಟಿದವನಲ್ಲ. ಕೊಲ್ಲುವುದಷ್ಟೇ ಅವನ ಚಟ. ಬೇಟೆ ನಿಷೇಧಿಸುವ ಕಾಯಿದೆ ಆಗಲೇ ಬಂದಿತ್ತಾದರೂ ಎಪ್ಪತ್ನಾಲ್ಕರ ಆ ಬೇಸಿಗೆಯಲ್ಲಿ ಖಾನಾಪುರದ ಕುರುಚಲು ಬಯಲಿನಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲ.

ಬೀಡಿ ಎಂಬ ಹಳ್ಳಿಯಾಚೆ ಕರುವಿನೆತ್ತರದ ಒಂದು ತೋಳವಿದೆ ಎಂದು ಡ್ರೈವರ್ ರಾಯಪ್ಪ ಹೇಳಿದ್ದೇ ಅವನಿಗೆ ನೆಪವಾಯಿತು. ಬೈಲಹೊಂಗಲದ ಕಡೆ ಗುರುಸಿದ್ದ ಹಲವು ತೋಳಗಳನ್ನು ಹೊಡೆದಿದ್ದ. ಎಲ್ಲವೂ ಬೀದಿನಾಯಿಗಿಂತ ಒಂದು ಮುಷ್ಟಿ ಎತ್ತರ, ಅಷ್ಟೇ. “ಅಂಜಿದಾವಗ ಇಲಿನೂ ಆನಿ ಕಂಡಂಗ ಕಾಣತೈತಿ” ಎಂದು ರಾಯಪ್ಪನನ್ನು ಹಂಗಿಸಿ ಅವನನ್ನೇ ಕರೆದುಕೊಂಡು ಬಂದಿದ್ದ.

ಭರಮವ್ವ ಜಗ್ಗಲಿಲ್ಲ. ಕಂಬಳಿ ಹೊದ್ದು ಜೀಪಿಗೆ ಅಡ್ಡ ನಿಂತಳು. ಹಿಂದೊಮ್ಮೆ ಆ ತೋಳ ಜೋಳಿಗೆಯಲ್ಲಿ ಮಲಗಿದ್ದ ಅವಳ ಮೊಮ್ಮಗನನ್ನು ಎತ್ತಿಕೊಂಡು ಹೋಗಿತ್ತು. ಸಂಜೆ ತೋಳದ ಬಾಯಿ ಕಟ್ಟಿ ಬೆಳಿಗ್ಗೆ ಬಿಚ್ಚುವುದು ಅವಳ ಅಪ್ಪ ಕಲಿಸಿದ್ದ ವಿದ್ಯೆ. ಆ ಸಂಜೆ ಅವಳು ಕಟ್ಟಿದಳು. ಬೆಳಿಗ್ಗೆ ಬಿಚ್ಚಲಿಲ್ಲ. ಮತ್ತೆಂದೂ ಬಿಚ್ಚಲಿಲ್ಲ.

“ಹಸಿವಿನಿಂದ ಅದಕ್ಕ ಸಾಯಾಕೂ ಬಿಟ್ಟಿಲ್ಲ ನಾ,” ಎಂದಳು. ಅವಳ ದನಿಯಲ್ಲೂ ತಾತ್ಸಾರವಿತ್ತು. “ಹೊಟ್ಟಿ ಒಳಗ ಹಸಿವು ಬೆಳಕೋಂತ ಹೊಂಟೈತಿ. ಅದರ ಜೋಡಿ ಮೈನೂ.”

“ದಾರಿ ಬಿಡು ಹುಚ್ಚಿ.”

ಇಳಿಬಿಸಿಲಿನಲ್ಲಿ ಅದು ಕಂಡಿತು. ಕುರಿಹಿಂಡಿನ ನಡುವೆಯೇ ನಿಂತಿತ್ತು. ಕುರಿಗಳು ಅದರ ಕಾಲಡಿ ಹುಲ್ಲು ಮೇಯುತ್ತಿದ್ದವು. ಒಂದು ಮರಿ ಅದರ ಮುಂಗಾಲಿಗೆ ಮೈ ಉಜ್ಜುತ್ತಿತ್ತು. ತೋಳ ಬಗ್ಗಿ ಮರಿಯ ಬೆನ್ನಿಗೆ ಮೂಗು ಹಚ್ಚಿತು. ಮೂಸಿತು. ಮುಚ್ಚಿದ ದವಡೆಯಿಂದ ಜೊಲ್ಲು ದಾರದಂತೆ ಇಳಿಯಿತು. ಗುರುಸಿದ್ದ ಬಂದೂಕಿನ ಕುದುರೆ ಎಳೆದ. ತೋಳ ಓಡಲಿಲ್ಲ. ಗುಂಡು ತಗಲಿದಾಗ ಅದರ ಕಣ್ಣಿನಲ್ಲಿ ನೋವಿರಲಿಲ್ಲ. ಯಾರೋ ತಲೆಯ ಮೇಲಿನ ಹೊರೆ ಇಳಿಸಿದಂತಿತ್ತು.

ಹತ್ತಿರ ಹೋದ ಗುರುಸಿದ್ದನ ನಗು ಅಲ್ಲಿಗೇ ನಿಂತಿತು. ಬಿದ್ದ ಪ್ರಾಣಿಯ ಪಂಜದ ಮೇಲೆ ತನ್ನ ಅಂಗೈ ಇಟ್ಟ. ಪಂಜವೇ ಹೆಚ್ಚಾಯಿತು. ತಲೆ ಹೋರಿಯ ತಲೆಯಷ್ಟಿತ್ತು. ದಾರಿಹೋಕನೊಬ್ಬನನ್ನು ಕರೆದು ಮೂವರು ಸೇರಿ ಜೀಪಿಗೆ ಎತ್ತಿ ಹಾಕಿದರೂ ಹಿಂಗಾಲುಗಳು ಹೊರಗೆ ಜೋತು ಬಿದ್ದು ಬೆಳಗಾವಿಯವರೆಗೂ ರಸ್ತೆಯ ಧೂಳು ಸವರುತ್ತ ಬಂದವು.

ಫೌಂಡ್ರಿಯ ಅಂಗಳದಲ್ಲಿ ಚರ್ಮ ಸುಲಿಯಲು ಬಂದ ಈರಣ್ಣ ಹೊಟ್ಟೆ ಸೀಳಿ ಹಿಂದೆ ಸರಿದ. ರಕ್ತದ ವಾಸನೆಯಿರಲಿಲ್ಲ. ಒಣಗಿದ ಬಾವಿಯ ವಾಸನೆ. ಜಠರ ಹಳೆಯ ಚಪ್ಪಲಿಯ ತೊಗಲಿನಂತೆ ಮುದುಡಿತ್ತು.

“ಇದು ವರ್ಷಗಟ್ಟಲೆ ಏನೂ ತಿಂದಿಲ್ರಿ ಮಾಲಕ್ರ. ಮತ್ತ ಇಷ್ಟ ಹ್ಯಾಂಗ ಬೆಳೀತು?”

“ಗಾಳಿ ಕುಡದು ಉಬ್ಬೇತಿ,” ಎಂದ ಗುರುಸಿದ್ದ. “ನಿನ್ನ ತಲಿ ಇದ್ದಂಗ.”

ಅವನ ಬಾಯಿಂದ ಬಂದ ಕೊನೆಯ ಮಾತು ಅದೇ.

ಟಿಳಕವಾಡಿಯ ಮನೆಯಲ್ಲಿ ಕಾಂತಾ ಬಿಸಿ ರೊಟ್ಟಿ ಬಡಿಸಿದಳು. ತುತ್ತು ತುಟಿಯ ತನಕ ಬಂತು. ದವಡೆ ಬಿಚ್ಚಲಿಲ್ಲ. ಅವನು ಗಲ್ಲ ತಿಕ್ಕಿಕೊಂಡ, ಸಿಟ್ಟಿನಿಂದ ತಾಟು ಒಗೆದ. ಮರುದಿನ ಡಾಕ್ಟರು ಧನುರ್ವಾಯು ಎಂದರು. ಮೈ ಸೆಟೆಯದಿದ್ದುದನ್ನು ಕಂಡು ಅಲ್ಲ ಎಂದರು. ಹಲ್ಲಿನ ಸಂದಿಯಲ್ಲಿ ಸುರಿದ ಗಂಜಿಯೆಲ್ಲ ಹೊರಕ್ಕೇ ಹರಿಯಿತು.

ಏನೂ ತಿನ್ನದ ಗಂಡ ಸೊರಗುವನೆಂದು ಕಾಂತಾ ಹೆದರಿದಳು. ಅವನು ಸೊರಗಲಿಲ್ಲ. ಅಂಗಿಯ ಗುಂಡಿಗಳು ಹರಿದವು. ಚಪ್ಪಲಿಯಿಂದ ಹಿಮ್ಮಡಿ ಹೊರಬಿತ್ತು. ಬಾಗಿಲಿನ ಚೌಕಟ್ಟಿಗೆ ತಲೆ ತಗಲತೊಡಗಿತು. ಮೈಯಿಂದ ಒಣ ಬಾವಿಯ ಗಾಳಿ ಬೀಸುತ್ತಿತ್ತು. ದಿನವಿಡೀ ಹಲ್ಲು ಮಸೆಯುವ ಸದ್ದು. ಬೀಸುವ ಕಲ್ಲಿನಂಥ ಸದ್ದು. ಕೆಲಸದ ಕಾಶವ್ವ ಹೇಳದೆ ಕೇಳದೆ ಬಿಟ್ಟು ಹೋದಳು.

ಒಂದು ಮಧ್ಯಾಹ್ನ ಕಾಂತಾ ಮೊಲೆಗೂಸು ಮಗಳನ್ನು ತೊಟ್ಟಿಲಲ್ಲಿ ಮಲಗಿಸಿ ಹಿತ್ತಲಲ್ಲಿ ಬಟ್ಟೆ ಒಣಗಲು ಹಾಕುತ್ತಿದ್ದಳು. ಒಳಗೆ ಮಸೆಯುವ ಸದ್ದು ನಿಂತಿತು.

ಅವಳ ಕೈಯೂ ನಿಂತಿತು. ಮನೆಯಲ್ಲಿ ಅಷ್ಟು ಮೌನವನ್ನು ಅವಳು ಎಂದೂ ಕೇಳಿರಲಿಲ್ಲ. ಆಮೇಲೆ ಕಟ್ ಎಂದು ಏನೋ ಮುರಿಯಿತು.

ಓಡಿದಳು. ನಡುಮನೆ ಕತ್ತಲು. ಕಿಟಕಿ ಮುಚ್ಚಿತ್ತು. ತೊಟ್ಟಿಲ ಮೇಲೆ ಬೆಟ್ಟದಂಥ ಬೆನ್ನು ಬಾಗಿತ್ತು. ಗುರುಸಿದ್ದನ ಮೂಗು ಮಗಳ ಕುತ್ತಿಗೆಯಲ್ಲಿತ್ತು. ಮೂಸುತ್ತಿದ್ದ. ಒಂದು ಕೈಯಲ್ಲಿ ಫೌಂಡ್ರಿಯ ಉಳಿ. ಅದನ್ನು ತನ್ನದೇ ಹಲ್ಲುಗಳ ನಡುವೆ ತುರುಕಿ ಮೀಟುತ್ತಿದ್ದ. ಕಟ್. ಇನ್ನೊಂದು ಹಲ್ಲು. ಮಗುವಿನ ಅಂಗಿಯ ಮೇಲೆ ರಕ್ತ. ರಕ್ತದ ಜೊತೆ ಜೊಲ್ಲು. ಮಗು ನಗುತ್ತಿತ್ತು. ಅಪ್ಪನ ಮೂಗು ಹಿಡಿದು ನಗುತ್ತಿತ್ತು.

ಕಾಂತಾ ಮಗುವನ್ನು ಹೇಗೆ ಕಸಿದಳೋ ಅವಳಿಗೇ ಗೊತ್ತಿಲ್ಲ. ಬೀದಿಗೆ ಬಂದ ಮೇಲೆ ಉಸಿರು ಬಂತು.

ಮುದುಕಿ ಅಂದಿದ್ದನ್ನೆಲ್ಲ ರಾಯಪ್ಪ ಆಗ ಕಾಂತಾಳಿಗೆ ಹೇಳಿದ; ಗುರುಸಿದ್ದನನ್ನು ಹಗ್ಗ ಕಟ್ಟಿ ಜೀಪಿನಲ್ಲಿ ಹಾಕಿ ಅವನೇ ಬೀಡಿಯಾಚೆಗೆ ಓಡಿಸಿದ. ಫೌಂಡ್ರಿಯ ಇಬ್ಬರು ಆಳುಗಳು ಹಿಂದೆ ಮಾಲಕನನ್ನು ಅದುಮಿ ಹಿಡಿದು ಕುಳಿತಿದ್ದರು. ಗಂಡನಿಗೆ ಮುಖ ಕಾಣದಂತೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾಂತಾ ಮುಂದೆ ಕುಳಿತಿದ್ದಳು. ಭರಮವ್ವ ಜೀಪಿನ ಹತ್ತಿರ ಬಂದು ಗುರುಸಿದ್ದನನ್ನು ಕಾಲಿನಿಂದ ತಲೆಯ ತನಕ ನೋಡಿದಳು. ಕ್ಯಾಕರಿಸಿ ಉಗುಳಿದಳು.

“ಹೇಳಿದ್ದೆ.”

“ಯವ್ವಾ, ತಪ್ಪಾಗೇತಿ,” ಕಾಂತಾ ಅವಳ ಕಾಲಿಗೆ ಬಿದ್ದಳು. “ಅವರ ಬಾಯಿ ಬಿಚ್ಚಬೇ.”

“ಬಿಚ್ಚತೇನಿ. ಬಾಯಿ ಕಟ್ಟಿದ್ದು ನಾ, ಬಿಚ್ಚಾಕ ನನಗ ಬರತೈತಿ. ಹಸಿವು ನಂದಲ್ಲ, ಆ ಪ್ರಾಣಿದು. ಅದನ್ನ ತೆಗ್ಯಾಕ ಬರೂದಿಲ್ಲ.” ಮುದುಕಿ ಕಾಂತಾಳ ಸೆರಗಿನ ಗಂಟನ್ನು ನೋಡಿದಳು. “ಬಾಯಿ ಬಿಚ್ಚಿದ ಮ್ಯಾಲ ಮೊದಲ ಏನ ತಿಂತಾನು, ನೀನ ಹೇಳ ತಂಗಿ.”

ಕಾಂತಾ ಮೇಲೆದ್ದಳು. ಜೀಪಿನೊಳಗೆ ಗುರುಸಿದ್ದ ಅವಳನ್ನೇ ನೋಡುತ್ತಿದ್ದ. ಹೆಂಡತಿಯ ಮಾತಿಗೆ ಅವನು ಕಾದದ್ದು ಅದೇ ಮೊದಲು. ಅವನ ಕಣ್ಣುಗಳು ಬೇಡುತ್ತಿದ್ದವು. ಮೂಗಿನ ಹೊಳ್ಳೆಗಳು ಮಾತ್ರ ಮಗುವಿನ ಕಡೆಗೆ ಅರಳಿದ್ದವು.

“ಬಿಚ್ಚದಿದ್ರ ಸಾಯ್ತಾರೇನು?”

“ಹಸಿವಿಗೆ ಸಾಯಾಂಗಿಲ್ಲ. ಯಾರರ ಕೊಲ್ಲಬೇಕು. ಕೊಂದಾವಗ ಮತ್ತ ಇದ ಗತಿ.”

ಗಾಳಿ ಬಿದ್ದು ಹೋಗಿತ್ತು. ಬಯಲಿನಲ್ಲಿ ಹಲ್ಲು ಮಸೆಯುವ ಸದ್ದೊಂದೇ.

“ಬಿಚ್ಚಬ್ಯಾಡ,” ಎಂದಳು ಕಾಂತಾ.

ಜೀಪು ಅಲುಗಾಡಿತು. ಮುಚ್ಚಿದ ಬಾಯಿಯೊಳಗಿಂದ, ಮೂಗಿನಿಂದ, ಎದೆಯಿಂದ ಒಂದು ದನಿ ಎದ್ದಿತು. ಅದು ಮನುಷ್ಯನದಾಗಿರಲಿಲ್ಲ. ಭರಮವ್ವ ತಲೆ ತಗ್ಗಿಸಿ ಕಂಬಳಿಯಲ್ಲಿ ಕಿವಿ ಮುಚ್ಚಿಕೊಂಡಳು.

“ಮಾಲಕ್ರನ್ನ ಎಲ್ಲಿ ಇಡೂದ್ರಿ ಅಕ್ಕಾರ?” ರಾಯಪ್ಪ ಅಳುತ್ತ ಕೇಳಿದ.

“ಫೌಂಡ್ರಿ ಹಿಂದಿನ ಕಬ್ಬಿಣದ ಗೋದಾಮಿನ್ಯಾಗ. ಬಾಗಲಾ ವೆಲ್ಡಿಂಗ್ ಮಾಡಸು. ಬಾಜೂಕ ಯಾರನ್ನೂ ಬಿಡಬ್ಯಾಡ.”

ಅವಳು ಟಿಳಕವಾಡಿಗೆ ಮರಳಲಿಲ್ಲ. ಬೀಡಿಯಲ್ಲಿ ಧಾರವಾಡದ ಬಸ್ಸು ಹತ್ತಿ ತವರಿಗೆ ಹೊರಟಳು. ಬಸ್ಸು ಊರು ದಾಟುವ ಹೊತ್ತಿಗೆ ಮಗು ಅಳತೊಡಗಿತು. ಮಧ್ಯಾಹ್ನದಿಂದ ಹಾಲಿಲ್ಲ. ಕಾಂತಾ ಸೆರಗು ಮರೆ ಮಾಡಿ ಅದನ್ನು ಎದೆಗೆ ಹಚ್ಚಿಕೊಂಡಳು.

ಅಳು ನಿಂತಿತು. ತುಟಿಗಳು ಬಿಗಿದವು. ಮಗು ಮೂಗಿನಿಂದ ಎದೆಯನ್ನು ಒತ್ತಿ ಒತ್ತಿ ಮೂಸಿತು.

“ಬಾಯಿ ತಗೀ ನನ್ನವ್ವ,” ಎಂದಳು. ಆ ಪುಟ್ಟ ಗಲ್ಲವನ್ನು ಬೆರಳಿನಿಂದ ಹಿಡಿದು ಕೆಳಕ್ಕೆ ಎಳೆದಳು. “ತಗೀ. ತಗೀ.”

ಬಸ್ಸು ಒಂದು ಗುಂಡಿಗೆ ಇಳಿದು ಏರಿತು. ಮಗು ಬಾಯಿ ತೆರೆದು ಹಾಲು ಚೀಪತೊಡಗಿತು. ಕಾಂತಾ ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿ, ಯಾರು ನೋಡಿದರೂ ಲೆಕ್ಕಿಸದೆ, ದೊಡ್ಡ ದನಿಯಲ್ಲಿ ಅತ್ತಳು.