ಎರಡು ಗೀರಿನ ರೊಟ್ಟಿ

ಓಣಿಯ ಒಲೆಗೆ ಎಷ್ಟು ರೊಟ್ಟಿ ಹೋಗಿದ್ದವೋ ಅಷ್ಟೇ ವಾಪಸ್ಸು ಬಂದಿದ್ದವು. ಆದರೆ ಅವುಗಳಲ್ಲಿ ಒಂದು ಗಿಝ್ಲಾನಳದಲ್ಲ.

ಎಸ್ಸಾವಿರ ಎಂಬ ಬಂದರು ಊರಿನ ಆ ಓಣಿಯಲ್ಲಿ ಪ್ರತಿ ಮನೆಯವರೂ ಹಸಿ ರೊಟ್ಟಿಯ ಮೇಲೆ ತಮ್ಮ ಗುರುತು ಹಾಕಿಯೇ ಒಲೆಗೆ ಕೊಡುತ್ತಾರೆ. ಗಿಝ್ಲಾನಳ ಗುರುತು ನಡುವೆ ಹೆಬ್ಬೆರಳಿನ ಗುಳಿ. ಈ ಬೇರೆ ರೊಟ್ಟಿಯ ಮೇಲಿದ್ದದ್ದು ಎರಡು ಅಡ್ಡ ಗೀರು. ನಿನ್ನೆಯೂ ಇಂಥದ್ದೇ ಒಂದು ಬಂದಿತ್ತು, ಮೊನ್ನೆಯೂ.

ಯಾರೋ ಮಾಟ ಮಾಡಿಸಿರಬಹುದೆಂದು ನಿನ್ನೆಯದನ್ನು ಮಹಡಿಯ ಗೋಡೆಯ ಮೇಲೆ ಇಟ್ಟಿದ್ದಳು. ಕಡಲಹಕ್ಕಿಗಳು ತಿಂದು ಆರಾಮಾಗಿ ಹಾರಿಹೋದವು. ಅವಳ ಅನುಮಾನ ಮಾತ್ರ ಹೋಗಲಿಲ್ಲ.

ಒಲೆ ನೋಡಿಕೊಳ್ಳುವ, ಓಣಿಯವರೆಲ್ಲ 'ಬಾ' ಅಂದರೆ ಅಪ್ಪ ಎಂದು ಕರೆಯುವ ಮುದುಕ ಫದ್ದೂಲ್‌ನನ್ನು ಕೇಳಿದಳು.

"ಬಾ ಫದ್ದೂಲ್, ಕಣ್ಣು ಮಂಜಾಯ್ತಾ?"

"ಮನುಷ್ಯರ ಮುಖ ಮರೀತೀನಿ ಮಗಳೇ, ರೊಟ್ಟಿ ಮರೆಯಲ್ಲ," ಎಂದವನು ಬೆಂಕಿಯತ್ತ ತಿರುಗಿಕೊಂಡ. ಅವನ ಮೀಸೆಯಡಿಯಲ್ಲಿ ನಗು ಇದ್ದಂತಿತ್ತು.

ಗಿಝ್ಲಾನ್ ಅನುಮಾನ ಪಡುವುದಕ್ಕೆ ಕಾರಣವಿತ್ತು. ಮಹಡಿಯ ಮೂರು ಕೋಣೆಗಳನ್ನು ಅವಳು ಕಡಿಮೆ ಬಾಡಿಗೆಗೆ ಕೊಡುತ್ತಿದ್ದಳು. ಜೇಬು ಹಗುರವಾಗಿರುವ ಪ್ರವಾಸಿಗರಿಗೆ ದಿನಕ್ಕೊಂದು ರೊಟ್ಟಿಯೂ ಅದರಲ್ಲೇ ಸೇರಿತ್ತು. ಅವರು ದೋಣಿಯವರಿಂದ ಬೂತಾಯಿ ಮೀನು ಕೊಂಡು, ಬಂದರಿನ ಕೆಂಡದಂಗಡಿಯಲ್ಲಿ ಸುಡಿಸಿ, ಅವಳ ರೊಟ್ಟಿಯೊಂದಿಗೆ ತಿನ್ನುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಒಬ್ಬ ದಲ್ಲಾಳಿ ಅವಳ ಅತಿಥಿಗಳನ್ನು ಪುಸಲಾಯಿಸಿ ಬೇರೆ ಕಡೆಗೆ ಒಯ್ದಿದ್ದ. ಈ ಚಳಿಗಾಲವೂ ಕೋಣೆಗಳು ಖಾಲಿ ಉಳಿದರೆ ಮನೆ ಮಾರೋಣವೆಂದು ಕಾಸಾಬ್ಲಾಂಕಾದ ಅಣ್ಣ ಹೇಳಿಬಿಟ್ಟಿದ್ದ. ಈಗ ಉಳಿದಿದ್ದವಳು ಮೆಕ್ನೆಸ್‌ನ ನರ್ಸ್ ತೂರಿಯಾ ಒಬ್ಬಳೇ.

ಅವಳೇ ಸುಳಿವು ಕೊಟ್ಟಳು. ಕೆಂಡದಂಗಡಿಯ ಹಮ್ಮಾದಿ ತಾನು ಕೇಳದಿದ್ದರೂ ತನಗೆ ಆಲಿವ್ ಕಾಯಿ, ಟೊಮೆಟೊ ಸಾಲಡ್ ಕೊಡುತ್ತಾನಂತೆ.

"ಎಲ್ಲಿ ಉಳಕೊಂಡಿದ್ದೀರಿ ಅಂತ ಕೇಳಿದನಾ?"

"ಕೇಳಲಿಲ್ಲ. ರೊಟ್ಟಿ ನೋಡಿದ, 'ಗಿಝ್ಲಾನ್ ಮನೆಯವರಾ' ಅಂದ."

ಹಮ್ಮಾದಿಯ ಮನೆ ಊರಿನ ಇನ್ನೊಂದು ತುದಿಯಲ್ಲಿ. ಅಲ್ಲಿಯೂ ಒಂದು ಒಲೆಯಿದೆ. ಅತಿಥಿಗಳ ಕೈಯಲ್ಲಿ ರೊಟ್ಟಿ ಕಂಡಿದ್ದರೂ, ಅದು ಈ ಓಣಿಯಲ್ಲಿ ಯಾರ ಗುರುತೆಂದು ಅವನಿಗೆ ಹೇಗೆ ಗೊತ್ತು? ಗಿಝ್ಲಾನ್ ಗೀರಿನ ರೊಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದರಿಗೆ ನಡೆದಳು.

ಗಾಳಿ ಜೋರಾಗಿತ್ತು. ಹಮ್ಮಾದಿ ಅವಳಿಗೆ ಬೆನ್ನು ಹಾಕಿ ಮೀನು ಮಗುಚುತ್ತಿದ್ದ. ಅವನ ಪಕ್ಕದಲ್ಲಿ ಅರ್ಧ ತಿಂದ ರೊಟ್ಟಿಯೊಂದಿತ್ತು. ಹೆಬ್ಬೆರಳಿನ ಗುಳಿ ಇನ್ನೂ ಉಳಿದಿತ್ತು.

ಅವಳು ಬಾಯಿ ತೆರೆಯುವಷ್ಟರಲ್ಲಿ ಬೆಂಚಿನಲ್ಲಿದ್ದ ಗಂಡಹೆಂಡತಿ ಅವನನ್ನು ಅಗ್ಗದ ಕೋಣೆ ಎಲ್ಲಿ ಸಿಗುತ್ತದೆಂದು ಕೇಳಿದರು. ಸಿಕ್ಕಿಬಿದ್ದ ಎಂದುಕೊಂಡು ಅವಳು ಕಿವಿಗೊಟ್ಟು ನಿಂತಳು.

"ಒಲೆ ಓಣಿಯ ನೀಲಿ ಬಾಗಿಲಿಗೆ ಹೋಗಿ," ಎಂದ ಹಮ್ಮಾದಿ. "ಯಜಮಾನಿ ಸ್ವಲ್ಪ ಖಾರ. ಆದ್ರೆ ಹಾಸಿಗೆ ಸ್ವಚ್ಛ. ಅಂಥ ರೊಟ್ಟಿ ಈ ಊರಲ್ಲಿ ಬೇರೆಲ್ಲೂ ಸಿಗಲ್ಲ."

ಅದು ಅವಳದೇ ಬಾಗಿಲು. ಅವರು ಎದ್ದುಹೋದ ಮೇಲೆ ಗಿಝ್ಲಾನ್ ಕಂಕುಳಲ್ಲಿದ್ದ ರೊಟ್ಟಿಯನ್ನು ಅವನ ಮುಂದಿಟ್ಟಳು. ಹಮ್ಮಾದಿಯ ಕೈಯಲ್ಲಿದ್ದ ಇಕ್ಕಳ ಅಲ್ಲೇ ನಿಂತಿತು. ಕಿವಿಯವರೆಗೂ ಕೆಂಪಾದ. ಅದು ಕೆಂಡದ ಕಾವಿಗಲ್ಲ ಎಂಬುದನ್ನು ಅವಳು ಗಮನಿಸಿದಳು.

"ನನ್ನ ರೊಟ್ಟಿ ಕದ್ದಿದ್ದು ನೀವಾ?"

"ಕದ್ದಿಲ್ಲ, ಲಲ್ಲಾ ಗಿಝ್ಲಾನ್," ಅಮ್ಮಾವ್ರೇ ಎನ್ನುವಂತೆ ಗೌರವದಿಂದ ಕರೆದ. "ಬದಲಿಗೆ ನನ್ನದೊಂದು ಇಟ್ಟಿದ್ದೀನಿ."

ಯಾರೋ ಅತಿಥಿ ಬೆಂಚಿನಲ್ಲಿ ಬಿಟ್ಟುಹೋದ ತುಂಡಿನಿಂದ ಇದು ಶುರುವಾಯಿತಂತೆ. ಆಮೇಲೆ ದಿನಾ ಬೆಳಗ್ಗೆ ಊರು ದಾಟಿ ತನ್ನ ರೊಟ್ಟಿಯನ್ನು ಅವಳ ಓಣಿಯ ಒಲೆಗೇ ತರತೊಡಗಿದ; ಅದಲುಬದಲು ಮಾಡುವುದು ಬಾ ಫದ್ದೂಲ್‌ಗೂ ಗೊತ್ತಿತ್ತಂತೆ. ಹಿಟ್ಟು ನಾದುವುದೂ ಅವನೇ, ತಾಯಿಯ ಕೈಗೆ ವಾತವಂತೆ.

ಅವಳ ಕಣ್ಣು ಇನ್ನೂ ಕಿರಿದಾಗಿಯೇ ಇತ್ತು. "ಅತಿಥಿಗಳನ್ನ ಕಳಿಸೋದಕ್ಕೆ ದಲ್ಲಾಳಿ ಪಾಲು ಎಷ್ಟು?"

"ದಿನಕ್ಕೊಂದು ರೊಟ್ಟಿ. ಅದನ್ನೂ ಬದಲು ಇಟ್ಟೇ ತಗೋತೀನಿ."

"ಕೇಳಿದ್ರೆ ಕೊಡ್ತಿರಲಿಲ್ವಾ?"

"ಕೇಳೋಕೆ ಬಂದಿದ್ರೆ," ಹಮ್ಮಾದಿ ಈಗ ನೇರವಾಗಿ ಅವಳನ್ನು ನೋಡಿದ, "ರೊಟ್ಟಿ ಮಾತ್ರ ಕೇಳೋಕೆ ಆಗ್ತಿರಲಿಲ್ಲ."

ಗಾಳಿಗೆ ಜಾರಿದ ತಲೆವಸ್ತ್ರವನ್ನು ಅವಳು ಸರಿಮಾಡಿಕೊಂಡಳು. ಸರಿಯಾದ ಮೇಲೂ ಕೈ ಅಲ್ಲೇ ಇತ್ತು. ಅವನ ರೊಟ್ಟಿಯ ತುದಿ ಮುರಿದು ಬಾಯಿಗಿಟ್ಟಳು.

"ಉಪ್ಪು ಜಾಸ್ತಿ," ಎಂದು ಹೇಳಿ ಹೊರಟಳು. ಉಳಿದ ರೊಟ್ಟಿಯನ್ನು ಮಾತ್ರ ಬಿಟ್ಟುಹೋಗಲಿಲ್ಲ.

ಮರುದಿನ ಬೆಳಗ್ಗೆ ಗಂಡಹೆಂಡತಿಗೆ, ತೂರಿಯಾಗೆ ಎಂದು ಅವಳು ಒಲೆಗೆ ಹೊತ್ತು ತಂದ ಹಲಗೆಯಲ್ಲಿ ಹಸಿ ರೊಟ್ಟಿಗಳು ಹೆಚ್ಚಿದ್ದವು. ಅವುಗಳಲ್ಲಿ ಒಂದರ ಮೇಲೆ ಹೆಬ್ಬೆರಳಿನ ಗುಳಿಯೂ ಇತ್ತು, ಎರಡು ಅಡ್ಡ ಗೀರುಗಳೂ ಇದ್ದವು.

ಬಾ ಫದ್ದೂಲ್ ಅದನ್ನು ಸಲಿಕೆಯ ಮೇಲೆ ತಿರುಗಿಸಿ ನೋಡಿದ. "ಇದು ಯಾರ ಮನೇದು ಮಗಳೇ?"

"ಇನ್ನೂ ಇಲ್ಲದ ಮನೇದು," ಎಂದಳು ಗಿಝ್ಲಾನ್. "ಬದಲಿಗೆ ರೊಟ್ಟಿ ಇಡೋದು ಬೇಡ ಅಂತ ಅವರಿಗೆ ಹೇಳಿ. ತಾಯಿನ ಕರ್ಕೊಂಡು, ಸಕ್ಕರೆ ಅಚ್ಚು ಹಿಡ್ಕೊಂಡು, ಹೆಣ್ಣು ಕೇಳೋರು ಬರೋ ಹಾಗೆ ಬಾಗಿಲಿಗೆ ಬರ್ಲಿ."

ಹೇಳಿ ಹೊರಟವಳು ಓಣಿಯ ತಿರುವಿನಲ್ಲಿ ಗೋಡೆಗೆ ಒತ್ತಿ ನಿಂತಳು. ಆ ರೊಟ್ಟಿ ಬೇರೆ ಯಾರ ಕೈಗೂ ಹೋಗುವುದಿಲ್ಲವೆಂದು ಅವಳು ಕಣ್ಣಾರೆ ನೋಡಬೇಕಿತ್ತು.