ಹಿಂದಿನ ಚಕ್ರದ ಗಾಳಿ

ಟ್ಯೂಬಿನಲ್ಲಿ ಎರಡು ಸೀಳುಗಳಿದ್ದವು. ಅಕ್ಕಪಕ್ಕ, ನೇರವಾಗಿ, ಬ್ಲೇಡಿನಿಂದ ಕೊಯ್ದ ಹಾಗೆ.

"ಇನ್ನೇನು ಸಾಕ್ಷಿ ಬೇಕು ಅತ್ತಿಗೆ?" ವೇಣು ಅದನ್ನು ರಾಧಾಮಣಿಯ ಮೂಗಿನ ಮುಂದೆ ಹಿಡಿದ. "ಇದು ಸಹನಳದ್ದೇ ಕೆಲ್ಸ."

ಆ ದಿನ ಬೆಳಿಗ್ಗೆ ಬಂಗಾರಪೇಟೆಯಿಂದ ಕೆ.ಜಿ.ಎಫ್‌ಗೆ ಸೈಕಲ್ ಓಟ ನಡೆದಿತ್ತು. ಗೆದ್ದವಳಿಗೆ ಜಿಲ್ಲಾ ತಂಡದಲ್ಲಿ ಜಾಗ. ಇದ್ದದ್ದು ಒಂದೇ ಜಾಗ. ವೇಣು ತರಬೇತಿ ಕೊಟ್ಟ ಹುಡುಗಿಯರಲ್ಲಿ ಕೋರಮಂಡಲ್ ಬಡಾವಣೆಯ ತ್ರಿವೇಣಿಯೇ ಮುಂದಿದ್ದಳು. ಮೈಸೂರು ಮೈನ್ಸ್ ತಿರುವಿನಲ್ಲಿ ಗುಂಡಿಯ ಅಂಚಿಗೆ ತಗುಲಿದ್ದೇ ತಡ, ಮುಂದಿನ ಚಕ್ರದ ಗಾಳಿ ಹೋಯಿತು. ಹುಡುಗಿ ರಸ್ತೆಗೆ ಬಿದ್ದು ಮೊಣಕಾಲು ತರಚಿಕೊಂಡಳು. ಗೆದ್ದವಳು ಅವಳ ಜೊತೆಗಾತಿ ಸಹನ. ಹಿಂದಿನ ಸಂಜೆ ತ್ರಿವೇಣಿಯ ಮನೆ ಜಗಲಿಯಲ್ಲಿ ಇದೇ ಸೈಕಲ್ಲಿನ ಪಕ್ಕ ಕೂತು ಹರಟಿದ್ದವಳೂ ಅವಳೇ!

ಅಷ್ಟು ಸಾಕಾಯಿತು ವೇಣುವಿಗೆ. ಸಹನಳ ಹೆಸರು ಕಳಿಸುವುದಿಲ್ಲ ಎಂದು ಎಲ್ಲರೆದುರೇ ಕೂಗಾಡಿಬಿಟ್ಟಿದ್ದ. ಅವಳು ಸೈಕಲ್ ತಳ್ಳಿಕೊಂಡು ಹೊರಟುಹೋಗಿದ್ದಳು. ಹೆಸರು ಕಳಿಸಲು ಸಂಜೆಯವರೆಗೆ ಸಮಯವಿತ್ತು.

ರಾಧಾಮಣಿ ವೇಣುವಿನ ಅಣ್ಣನ ಹೆಂಡತಿ, ಪೊಲೀಸ್ ಹೆಡ್ ಕಾನ್‌ಸ್ಟೆಬಲ್ ಆಗಿದ್ದು ನಿವೃತ್ತಳಾದವಳು. ನಿವೃತ್ತಿಯಾಗಿದ್ದು ಕೆಲಸದಿಂದ ಮಾತ್ರ, ಪ್ರಶ್ನೆ ಕೇಳುವುದರಿಂದಲ್ಲ. ತ್ರಿವೇಣಿಯ ಮನೆಯ ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತು ಸೈಕಲ್ಲನ್ನೇ ದಿಟ್ಟಿಸುತ್ತಿದ್ದಳು.

"ಟೈರ್ ಎಲ್ಲಿ ಕೊಯ್ದೈತೆ?"

ವೇಣು ಟೈರನ್ನು ತಿರುಗಿಸಿ ತಿರುಗಿಸಿ ನೋಡಿದ. ಎಲ್ಲೂ ಇಲ್ಲ!

"ಟೈರ್ ಮುಟ್ಟದೆ ಒಳಗಿನ ಟ್ಯೂಬನ್ನ ಬ್ಲೇಡು ಎಂಗೆ ಕೊಯ್ತಪ್ಪ?"

ವೇಣುವಿನ ಮುಖ ಸಣ್ಣಗಾಯಿತು. ಗಾಳಿ ಕಡಿಮೆಯಿದ್ದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿಕೊಳ್ಳುತ್ತದೆ. ರಿಮ್ಮಿನ ಎರಡು ಅಂಚುಗಳು ಎರಡು ಕಡೆ ಸೀಳುತ್ತವೆ. ಹುಡುಗಿಯರಿಗೆ ತಾನೇ ಹೇಳಿಕೊಟ್ಟ ಪಾಠ ಅದು. ಸಿಟ್ಟಿನಲ್ಲಿ ಮರೆತೇಹೋಗಿತ್ತು.

"ಆದ್ರೆ ನಿನ್ನೆ ಸಾಯಂಕಾಲ ಗಾಳಿ ತುಂಬಿದ್ದು ನಾನೇ. ಟೈರ್ ಮೇಲೆ ಬರೆದಿರೋ ನೂರಿಪ್ಪತ್ತು ಪೌಂಡ್ ಒತ್ತಡಕ್ಕೆ ಸರಿಯಾಗಿ. ಅದಕ್ಕೇ ಬೆಳಿಗ್ಗೆ ಮತ್ತೆ ನೋಡ್ಲಿಲ್ಲ. ಅಂದ್ಮೇಲೆ ಅವ್ಳೇ ಗಾಳಿ ಬಿಟ್ಟವ್ಳೆ!"

ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಗೋಡೆಗೊರಗಿದ್ದ ತ್ರಿವೇಣಿಯತ್ತ ರಾಧಾಮಣಿ ತಿರುಗಿದಳು.

"ಬೀಳೋಕೆ ಮುಂಚೆ ಸೈಕಲ್ ಎಂಗೆ ಓಡ್ತಿತ್ತಮ್ಮ?"

"ಮೆತ್ತಗೆ ಓಡ್ತಿತ್ತು ಆಂಟಿ. ದಿನಾ ಸೈಕಲ್ ಅದುರಿ ಕೈ ಜೋಮು ಹಿಡೀತಿತ್ತು, ಇವತ್ತು ಹಿಡೀಲಿಲ್ಲ."

"ದಿನಾನಾ? ಯಾರ ಅತ್ರ ಹೇಳಿದ್ದೆ?"

"ಮನೇಲಿ ಹೇಳ್ತಿದ್ದೆ. ಸಾರ್‌ಗೆ ಹೇಳೋಕೆ ಭಯ."

ವೇಣು ತಲೆ ತಗ್ಗಿಸಿದ. ರಾಧಾಮಣಿ ಹಿಂದಿನ ಚಕ್ರವನ್ನು ಹೆಬ್ಬೆರಳಿನಿಂದ ಅದುಮಿದಳು. ಎದ್ದು ಅಂಗಳಕ್ಕಿಳಿದಳು. ತ್ರಿವೇಣಿಯ ಅಪ್ಪ ಕೋದಂಡಪ್ಪ ಕ್ಯಾಸಂಬಳ್ಳಿಯಿಂದ ಟೊಮೆಟೊ ತಂದು ಬೀದಿ ಬೀದಿ ಮಾರುವ ಸೈಕಲ್ ಅಲ್ಲಿ ನಿಂತಿತ್ತು. ಅದರ ಟೈರನ್ನೂ ಅದುಮಿ ನೋಡಿದಳು.

"ಅಣ್ಣಾ, ಇದ್ರಲ್ಲಿ ಗಾಳಿ ಯಾಕೆ ಕಮ್ಮಿ?"

"ಗಟ್ಟಿ ಇದ್ರೆ ಗುಂಡೀಲಿ ಎಗರಿ ಟೊಮೆಟೊ ನಲುಗ್ತವಮ್ಮ," ಬಾಗಿಲಲ್ಲಿ ನಿಂತಿದ್ದ ಕೋದಂಡಪ್ಪ ಹೇಳಿದ. "ಬೆರಳಲ್ಲಿ ಅದುಮಿ ಒಸಿ ಬಿಟ್ಬಿಡ್ತೀನಿ—"

ಮಾತು ಅಲ್ಲಿಗೇ ನಿಂತಿತು. ಅವನ ಕಣ್ಣು ಮಗಳ ಮೊಣಕಾಲಿನ ಮೇಲೆ ನೆಟ್ಟಿತು.

"ವೇಣು, ನೀವೆಲ್ಲ ಪಂಚರ್ ಆದ ಚಕ್ರಾನೇ ನೋಡಿದ್ರಿ," ರಾಧಾಮಣಿ ನಿಧಾನವಾಗಿ ಹೇಳಿದಳು. "ಹಿಂದಿನದನ್ನ ಯಾರೂ ಮುಟ್ಟಲೇ ಇಲ್ಲ. ಅದ್ರಲ್ಲೂ ಗಾಳಿ ಕಮ್ಮಿ ಐತೆ, ಈ ಅಣ್ಣನ ಸೈಕಲ್‌ದು ಎಷ್ಟು ಮೆತ್ತಗೈತೋ ಅಷ್ಟೇ. ಬೀಳಿಸ್ಬೇಕು ಅನ್ನೋರು ಮುಂದಿನ ಚಕ್ರ ಒಂದನ್ನ ಕೆಡಿಸಿ ಓಗ್ತಾರೆ. ಹಿಂದಿನದನ್ನೂ ಅದುಮಿ, ಹದ ನೋಡಿ, ವಾಲ್ವ್ ಭದ್ರ ಮಾಡೋಷ್ಟು ಅಕ್ಕರೆ ಅವರಿಗೆಲ್ಲಿ ಬತ್ತದೆ?"

"ರಾತ್ರಿ ನಾನೇ ಗಾಳಿ ಬಿಟ್ಟಿದ್ದಮ್ಮ." ಕೋದಂಡಪ್ಪ ಮಗಳ ಪಕ್ಕ ಬಂದು ಕೂತ. "ಕೂತಲ್ಲಿ ನಿಂತಲ್ಲಿ ಕೈ ನೀವ್ಕೊತಿತ್ತು ಮಗು. ಟೊಮೆಟೊಗೇ ಅಷ್ಟು ನೋಡೋನು, ಮಗಳಿಗೆ ನೋಡ್ಬಾರ್ದಾ ಅಂತ... ಯಾರೋ ಬ್ಲೇಡ್ ಆಕಿದ್ರು ಅಂದ್ರಿ, ನಾನೂ ನಂಬ್ಬಿಟ್ಟೆ. ದಪ್ಪ ಟೈರ್‌ಗೆ ಆಗೋದು ಈ ಸಣ್ಣದಕ್ಕೆ ಆಗಲ್ಲಾಂತ ನಂಗೆ ಗೊತ್ತಾಗ್ಲಿಲ್ಲ."

ತ್ರಿವೇಣಿ ಅಪ್ಪನ ಕೈ ಹಿಡಿದುಕೊಂಡಳು.

"ನಿಮಗಿಂತ ನನ್ನ ತಪ್ಪೇ ದೊಡ್ಡದಣ್ಣ," ಎಂದ ವೇಣು. "ನೂರಿಪ್ಪತ್ತು ಅನ್ನೋದು ಮೀರಬಾರದ ಮಿತಿ. ಅಷ್ಟೇ ಇರ್ಬೇಕು ಅಂತಲ್ಲ. ಈ ಹಾಳು ರಸ್ತೆಗೆ, ಇವಳ ತೂಕಕ್ಕೆ, ಎಂಬತ್ತು ಧಾರಾಳ ಸಾಕಿತ್ತು. ನಾನು ಅದನ್ನ ಮೊದ್ಲೇ ನೋಡಿದ್ರೆ ನೀವು ವಾಲ್ವ್‌ಗೆ ಕೈ ಆಕೋ ಪ್ರಮೇಯಾನೇ ಬರ್ತಿರಲಿಲ್ಲ."

ರಾಧಾಮಣಿ ಫೋನನ್ನು ಅವನ ಕೈಗಿತ್ತಳು. ಹೊತ್ತು ಇಳಿಯುತ್ತಿತ್ತು.

"ಸಹನ, ನಿನ್ನ ಹೆಸರೇ ಕಳಿಸ್ತಿದ್ದೀನಮ್ಮ. ತಪ್ಪಾಯ್ತು."

ಆಚೆಯಿಂದ ಸಹನಳ ದನಿ ಬಂತು.

"ತ್ರಿವೇಣಿ ಮೊಣಕಾಲು ಎಂಗೈತೆ ಸಾರ್?"

"ಪರವಾಗಿಲ್ಲಮ್ಮ. ತರಚಿದೆ ಅಷ್ಟೇ."

"ಸಾರ್, ಒಂದು ಮಾತು. ನೀನು ಮಾಡಿದ್ಯಾ ಅಂತ ನನ್ನ ಒಂದ್ಸಲ ಕೇಳ್ಬೋದಿತ್ತಲ್ಲ?"

ವೇಣು ಜಗಲಿಯಿಂದಿಳಿದು ಚಪ್ಪಲಿ ಮೆಟ್ಟಿದ.

"ಮನೇಲೇ ಇರಮ್ಮ," ಎಂದ. "ಎಲ್ಲರನ್ನೂ ಕರ್ಕೊಂಡು ಬತ್ತೀನಿ. ಬೈದಿದ್ದು ಅವರ ಮುಂದೇನೇ ಅಲ್ವಾ."