ಒಬ್ಬರಿಗೆ ಊಟ ಇಲ್ಲ

"ಒಬ್ಬರಿಗೆ ಊಟ ಇಲ್ಲ!"

ಯೊಸು ಊರಿನ ಏಡಿ ಬೀದಿಯಲ್ಲಿ ಬೆಳಿಗ್ಗೆಯಿಂದ ದಾಜಂಗ್ ಕೇಳಿದ್ದು ಇದೊಂದೇ ಮಾತು. ಈ ಹೋಟೆಲಿನ ಒಡತಿ, ಗಿರಾಕಿಗಳೆಲ್ಲ ಚಿಕ್ಕಮ್ಮ ಎಂದು ಕರೆಯುವವಳು, ಜೊತೆಗೆ ಕೈಯನ್ನೂ ಬೀಸಿದಳು, ನೊಣ ಓಡಿಸುವ ಹಾಗೆ.

"ಯಾಕಿಲ್ಲ ಚಿಕ್ಕಮ್ಮ? ಏಡಿ ಇಲ್ವಾ? ಅನ್ನ ಇಲ್ವಾ?"

"ಎಲ್ಲಾ ಇದೆ. ಇಬ್ಬರಾದ್ರೂ ಬೇಕು. ಕಿಮ್ಚಿ, ಪಲ್ಯ, ಸಾರು ಅಂತ ಮೇಜು ತುಂಬಾ ಇಡ್ತೀವಿ. ಒಬ್ಬಳಿಗೋಸ್ಕರ ಅಷ್ಟೆಲ್ಲಾ ಇಟ್ರೆ ನಮಗೇನು ಗಿಟ್ಟುತ್ತೆ? ಹೋಗು, ಗಂಡನ್ನೋ ಗೆಳತೀನೋ ಕರ್ಕೊಂಡು ಬಾ."

"ಗಂಡ ಇಲ್ಲ. ಇಬ್ಬರ ಊಟಕ್ಕೆ ದುಡ್ಡೂ ಇಲ್ಲ. ಹಸಿವು ಮಾತ್ರ ಇದೆ!"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಸಮುದ್ರ ಏಡಿ ಕೊಟ್ಟಿದೆ, ಬಡಿಸುವವಳು ಒಪ್ಪುತ್ತಿಲ್ಲ!

"ನಾನೂ ಒಬ್ಬನೇ..." ಹಿಂದಿನಿಂದ ಒಂದು ದನಿ ಬಂತು.

ಬೆನ್ನಿಗೆ ದೊಡ್ಡ ಚೀಲ, ಕಡಲ ಗಾಳಿಗೆ ಕೆದರಿದ ಕೂದಲು, ಹಸಿದು ಬಾಡಿದ ಮುಖ. ಅವನನ್ನು ನೋಡಿದ್ದೇ ಚಿಕ್ಕಮ್ಮನ ಮುಖ ಅರಳಿತು.

"ಆಯ್ತಲ್ಲ! ನೀನೊಬ್ಬಳು, ಇವನೊಬ್ಬ. ಒಂದೇ ಮೇಜಿಗೆ ಕೂತ್ಕೊಳ್ಳಿ. ಜೋಡೀನೂ ಚೆನ್ನಾಗಿದೆ."

"ನನಗೇನೂ ತೊಂದರೆ ಇಲ್ಲ," ಎಂದ ಅವನು.

"ನನಗಿದೆ!" ಎಂದವಳೇ ದಾಜಂಗ್ ಬೀದಿಗಿಳಿದಳು.

ನಮ್ಮಲ್ಲಿ ದಾಜಂಗ್ ಅಂದರೆ ಅಕ್ಕರೆ ತುಂಬಿದವಳು ಎಂದರ್ಥ. ಆ ಹೆಸರಿಟ್ಟ ತಾಯಿ ಇತ್ತೀಚೆಗೆ ಪಶ್ಚಾತ್ತಾಪ ಪಡುತ್ತಿದ್ದಳು.

ಅವನು ಹಿಂದೆಯೇ ಓಡಿಬಂದ. "ರೀ, ನಿಮ್ಮ ದೆಸೆಯಿಂದ ನನ್ನನ್ನೂ ಹೊರಗೆ ಹಾಕಿದ್ರು!"

"ಅದಕ್ಕೆ? ಕೂತು ಅಳ್ಲಾ?"

"ಅಳಬೇಡಿ. ಊಟ ಮಾಡೋಣ. ಅರ್ಧರ್ಧ ದುಡ್ಡು. ಬೇಕಾದ್ರೆ ಮಾತೂ ಆಡಲ್ಲ."

"ನೋಡಿ, ನಾನು ಈ ಊರಿಗೆ ಬಂದಿರೋದೇ ಒಬ್ಬಳೇ ಕೂತು ತಿನ್ನೋಕೆ!"

ಅದು ಕೊಬ್ಬಿನ ಮಾತಲ್ಲ, ಪಂದ್ಯದ ಮಾತು. ದಾಜಂಗ್ ಚೊಂಗ್ಜು ಊರಿನ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಸುಗ್ಗಿ ಹಬ್ಬಕ್ಕೆ ಮನೆಗೆ ಹೋದಾಗ ತಾಯಿ ಇನ್ನೊಂದು ಗಂಡಿನ ಫೋಟೋ ಮುಂದಿಟ್ಟಿದ್ದಳು. ಇವಳು ಬೇಡವೆಂದಾಗ ಸೌಟು ಕುಕ್ಕಿ ಹೇಳಿದ್ದಳು: "ಜೊತೆಗೊಬ್ಬ ಇಲ್ಲದವಳಿಗೆ ಈ ಲೋಕದಲ್ಲಿ ಊಟದ ಮೇಜೂ ಸಿಗಲ್ಲ ಕಣೇ!"

"ಸಿಗುತ್ತೆ! ಯೊಸುಗೆ ಹೋಗಿ ಒಬ್ಬಳೇ ಕೂತು ಏಡಿ ಊಟ ಮಾಡಿ ಫೋಟೋ ಕಳಿಸ್ತೀನಿ. ಆಮೇಲೆ ನೀನು ಗಂಡಿನ ಸುದ್ದಿ ಎತ್ತಬಾರದು."

"ಕಳಿಸದೇ ಹೋದ್ರೆ?"

"ನೀನು ಹೇಳಿದವನನ್ನ ಹೋಗಿ ನೋಡ್ತೀನಿ."

ಹೀಗೆ ಶನಿವಾರ, ಭಾನುವಾರದ ರಜೆ ಹಿಡಿದು, ಅತಿ ಅಗ್ಗದ ಬಸ್ಸು ಹತ್ತಿ ಬಂದಿದ್ದಳು. ದುಡ್ಡು ಇದ್ದದ್ದು ಒಂದೇ ಒಂದು ಏಡಿ ಊಟಕ್ಕೆ. ಉಳಿದ ಹೊತ್ತಿಗೆ ಅಂಗಡಿಯ ಅನ್ನದುಂಡೆ, ಮಲಗಲು, ಅಗ್ಗಕ್ಕೆ ರಾತ್ರಿ ಕಳೆಯಲು ಬಿಡುವ ಸಾರ್ವಜನಿಕ ಬಿಸಿನೀರ ಸ್ನಾನದ ಮನೆಯ ನೆಲ.

ಕೈಯಲ್ಲಿ ಕಾಸಿಲ್ಲದವರು ಊರು ಸುತ್ತುವ ದಾರಿಯೂ ಒಂದೇ. ಪುಕ್ಕಟೆ ನೋಡಬಹುದಾದ ಕಡೆಗೆಲ್ಲ ಇಬ್ಬರ ಕಾಲೂ ಹೋಯಿತು! ಒದೊಂಗ್ ದ್ವೀಪದ ಸೇತುವೆ ಮೇಲೆ ಅವನು ಎದುರಾದ. ಒಣಮೀನಿನ ಸಂತೆಯಲ್ಲಿ ರುಚಿ ನೋಡಲು ಕೊಡುವ ಚೂರಿಗೆ ಇವಳು ಕೈಚಾಚಿದರೆ, ಪಕ್ಕದಲ್ಲಿ ಅವನ ಕೈಯೂ ಇತ್ತು.

"ನನ್ನ ಹಿಂದೆ ಬೀಳ್ತಿದ್ದೀರಾ?"

"ಪುಕ್ಕಟೆ ಮೀನಿನ ಹಿಂದೆ ಬಿದ್ದಿದ್ದೀನಿ. ನೀವು ಮಧ್ಯ ಬರ್ತಿದ್ದೀರಿ."

ನಗಬಾರದು ಅಂದುಕೊಂಡಳು. ಆದರೆ ತುಟಿ ಕೇಳಲಿಲ್ಲ.

ಸಂಜೆ ಸ್ನಾನದ ಮನೆಯಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಕೂರುವ ಹಜಾರದಲ್ಲಿ, ಎಲ್ಲರಿಗೂ ಕೊಡುವ ಕಿತ್ತಳೆ ಬಣ್ಣದ ದೊಗಳೆ ಅಂಗಿಯಲ್ಲಿ ಅವನು ಗೋಡೆಗೊರಗಿ ಕೂತಿದ್ದ. ಅವಳದೂ ಅದೇ ಅಂಗಿ. ಈ ಸಲ ಅವಳೇ ಹೋಗಿ ಎದುರು ಕೂತಳು. ಅವನು ಬೇಯಿಸಿದ ಮೊಟ್ಟೆಯೊಂದನ್ನು ಅವಳತ್ತ ಉರುಳಿಸಿದ.

ಹೆಸರು ಜೇಮುನ್. ದೇಗು ಊರಿನವನು. ಲಿಫ್ಟ್ ರಿಪೇರಿ ಕೆಲಸ. ಪಂದ್ಯದ ಕಥೆಯನ್ನೂ, ಬೆಳಿಗ್ಗೆ ಮೊದಲು ಬಂದರಿನ ಪಕ್ಕದ ಹೋಟೆಲಿಗೆ ಹೋಗುವ ಅವಳ ಯೋಚನೆಯನ್ನೂ ಕೇಳಿ ಅವನು ನಗಲಿಲ್ಲ. ಅದೇ ಅವಳಿಗೆ ಆಶ್ಚರ್ಯ.

"ನಿಮಗೆ ಒಬ್ಬರೇ ತಿನ್ನೋದು ಬೇಜಾರಲ್ವಾ?" ಎಂದು ಕೇಳಿದ.

"ಬೇಜಾರು ತಿನ್ನೋದಲ್ಲ. 'ಅಯ್ಯೋ ಪಾಪ' ಅಂತ ನೋಡ್ತಾರಲ್ಲ, ಅದು! ಒಬ್ಬಳು ಅಂದ್ರೆ ಅರ್ಧನಾ? ನಾನು ಪೂರ್ತಿ ಒಂದು! ನಿಮಗೆ?"

"ನನಗೆ ಅಭ್ಯಾಸ. ಆದ್ರೆ ಅಭ್ಯಾಸ ಬೇರೆ, ಇಷ್ಟ ಬೇರೆ."

ಅವನ ದನಿಯಲ್ಲಿ ಏನೋ ಇತ್ತು. 'ಈ ಮನುಷ್ಯ ಇಷ್ಟವಾಗ್ತಿದ್ದಾನೆ... ಛೆ, ಈಗಲ್ಲ! ಮೊದಲು ಏಡಿ!' ಎಂದು ಮನಸ್ಸನ್ನು ಗದರಿಸಿದಳು. ಮನಸ್ಸು ತೆಪ್ಪಗಾಗಲಿಲ್ಲ.

ಭಾನುವಾರ ಬೆಳಿಗ್ಗೆ ಬಂದರಿನ ಪಕ್ಕದ ಹೋಟೆಲಿನ ಬಾಗಿಲಲ್ಲಿ ಅವಳು "ಒಬ್ಬಳೇ..." ಅನ್ನುವಷ್ಟರಲ್ಲೇ ಅಲ್ಲಿನ ಹೆಂಗಸು, "ಬಾಮ್ಮ, ಬಾ! ಕೂತ್ಕೋ!" ಎಂದಳು.

ಗೆದ್ದೆ! ದಾಜಂಗ್‌ಗೆ ಕುಣಿಯುವಷ್ಟು ಖುಷಿ. ತಟ್ಟೆಗಳು ಒಂದೊಂದಾಗಿ ಬಂದವು. ಸೋಯಾ ಸಾಸಿನಲ್ಲಿ ನೆನೆದು ಮಿರುಗುವ ಏಡಿ, ಖಾರ ಹಚ್ಚಿ ಹುಳಿ ಬರಿಸಿದ ಸಾಸಿವೆ ಸೊಪ್ಪಿನ ಕಿಮ್ಚಿ, ಹಬೆಯಾಡುವ ಅನ್ನ. ಫೋಟೋ ತೆಗೆಯಲು ಫೋನ್ ಎತ್ತಿದಳು.

"ನಾಚ್ಕೋಬೇಡ, ತಿನ್ನು. ನಿನ್ನ ಹುಡುಗ ಆಗಲೇ ಇಬ್ಬರ ದುಡ್ಡೂ ಕೊಟ್ಟು ಹೋಗಿದ್ದಾನೆ. ಹಳದಿ ಜಾಕೆಟ್ಟಿನವಳು ಬಂದ್ರೆ ಏನೂ ಹೇಳದೆ ಬಡಿಸಿ ಅಂದ. ಏನು, ಜಗಳ ಆಡ್ಕೊಂಡ್ರಾ?"

ಫೋನ್ ಕೆಳಗಿಳಿಯಿತು. ಮುಖ ಕೆಂಪಾಯಿತು. ಹೊಟ್ಟೆ ತಾಳ ಹಾಕುತ್ತಿದ್ದರೂ ಒಂದು ತುತ್ತನ್ನೂ ಮುಟ್ಟದೆ ಎದ್ದು ಹೊರಟಳು.

ಜೇಮುನ್ ದೋಣಿಗಳ ಬಳಿ ನಿಂತಿದ್ದ. ಅವಳು ಬರುವುದನ್ನು ಕಂಡು ನಕ್ಕ. ಪಾಪ, ಆ ನಗು ಹೆಚ್ಚು ಹೊತ್ತು ಬಾಳಲಿಲ್ಲ.

"ಯಾರ್ರೀ ನಿಮ್ಮನ್ನ ಕೇಳಿದ್ದು?"

"ಅದು... ನೀವು ತಿನ್ನಲಿ ಅಂತ..."

"ತಿನ್ನೋಕೆ ಅನ್ನದುಂಡೆ ಸಾಕು ನನಗೆ! ನಾನು ಗೆಲ್ಲೋಕೆ ಬಂದೆ. ನೀವು ನನ್ನ ಗೆಲುವನ್ನ ದುಡ್ಡು ಕೊಟ್ಟು ಕೊಂಡ್ಕೊಂಡ್ರಿ! ನಮ್ಮಮ್ಮ ಹೇಳಿದ್ದು ಇದೇ ತಾನೆ? ಹಿಂದೆ ಒಬ್ಬ ಗಂಡಸಿದ್ರೆ ಮಾತ್ರ ಮೇಜು ಸಿಗುತ್ತೆ ಅಂತ! ನಮ್ಮಮ್ಮನ್ನ ಗೆಲ್ಲಿಸಿಬಿಟ್ರಲ್ಲ ನೀವು!"

"ನಾನು ಹಾಗೆ ಯೋಚಿಸಲಿಲ್ಲ..." ಎಂದ ಅವನು.

"ಯೋಚಿಸಬೇಕಿತ್ತು! ನಿನ್ನೆ ಎಲ್ಲಾ ಹೇಳಿದ್ದೆ ನಿಮಗೆ. ನೀವೊಬ್ಬರೇ ನಗದೆ ಕೇಳಿದ್ರಿ ಅಂತ... ಎಷ್ಟು ನಂಬಿದ್ದೆ ಗೊತ್ತಾ?"

ಕಣ್ಣಲ್ಲಿ ನೀರು ಬಂತು. ಅವನೆದುರು ಅಳಬಾರದೆಂದು ತಿರುಗಿ ನಡೆದುಬಿಟ್ಟಳು.

ಬೀದಿ ಬೀದಿ ಅಲೆದಳು. ಎಲ್ಲೆಲ್ಲೂ ಅದೇ ಪಾಠ. ಮಧ್ಯಾಹ್ನದ ಗಿರಾಕಿಗಳು ಕರಗಿದ ಹೊತ್ತಿಗೆ ಗುಡ್ಡದ ಬುಡದ ಒಂದು ಪುಟ್ಟ ಹೋಟೆಲು ಕಣ್ಣಿಗೆ ಬಿತ್ತು. ಒಳಗೆ ಮೇಜುಗಳೆಲ್ಲ ಖಾಲಿ. ಅಡುಗೆಮನೆಯಲ್ಲಿ ಮುದುಕಿಯೊಬ್ಬಳು ನಿಂತುಕೊಂಡೇ, ಅನ್ನಕ್ಕೆ ನೀರು ಸುರಿದುಕೊಂಡು ತಿನ್ನುತ್ತಿದ್ದಳು.

"ಒಬ್ಬರಿಗೆ ಊಟ ಇಲ್ಲ," ಎಂದಳು ಮುದುಕಿ ತಲೆ ಎತ್ತದೆ.

"ಚಿಕ್ಕಮ್ಮ, ನೀವು ಯಾರ ಜೊತೆ ಊಟ ಮಾಡ್ತಿದ್ದೀರಿ?"

"ಯಾರ ಜೊತೆ ಅಂದ್ರೆ? ಯಜಮಾನ್ರು ಹೋಗಿ ಎಷ್ಟೋ ವರ್ಷ ಆಯ್ತು. ಒಬ್ಬಳೇ."

"ಹಾಗಾದ್ರೆ ನಿಮಗೂ ಊಟ ಇಲ್ಲ. ಇಡಿ ಆ ಬಟ್ಟಲು ಕೆಳಗೆ!"

ಮುದುಕಿಯ ಚಮಚ ಅರ್ಧದಲ್ಲೇ ನಿಂತಿತು.

"ಏನಂದೆ?"

"ನಿಮ್ಮ ಹೋಟೆಲಿನ ಕಾನೂನು ತಾನೆ? ದಿನಾ ಬಂದವರಿಗೆಲ್ಲಾ ಮೇಜು ತುಂಬಾ ಬಡಿಸ್ತೀರಿ. ನಿಮಗೆ ಮಾತ್ರ ನಿಂತ್ಕೊಂಡು ನೀರನ್ನ! ಯಾಕೆ? ಒಬ್ಬರೇ ಅಂತ ತಾನೆ? ಒಬ್ಬರು ಅಂದ್ರೆ ಲೆಕ್ಕಕ್ಕಿಲ್ವಾ ಚಿಕ್ಕಮ್ಮ?"

ಮುದುಕಿ ಅವಳನ್ನು ಕೆಕ್ಕರಿಸಿ ನೋಡಿದಳು. ಆಮೇಲೆ ಭುಜ ಕುಲುಕುವಷ್ಟು ನಕ್ಕಳು.

"ಎಂಥಾ ಬಾಯಿ ನಿಂದು, ಹಾಳಾದವಳೇ! ಕೂತ್ಕೋ."

ಒಂದು ಚಮಚ, ಒಂದು ಬಟ್ಟಲು, ಒಂದು ಏಡಿ. ಮುದುಕಿಯೂ ತನ್ನ ಬಟ್ಟಲು ತಂದು, ಒಂದು ತಟ್ಟೆ ಕಿಮ್ಚಿ ಇಟ್ಟುಕೊಂಡು, ಬಾಗಿಲ ಪಕ್ಕದ ಮೇಜಿನಲ್ಲಿ ಜಂಬದಿಂದ ಕೂತಳು.

ಫೋಟೋ ತಾಯಿಗೆ ಹೋಯಿತು. ತಕ್ಷಣ ಉತ್ತರ ಬಂತು: "ಎದುರಿಗೆ ಯಾರಿದ್ದಾರೆ?"

"ಯಾರೂ ಇಲ್ಲ. ಊಟ ಸೊಗಸಾಗಿದೆ!" ಎಂದು ಬರೆದು ಫೋನ್ ಮಗುಚಿಟ್ಟಳು.

ನಿಜವಾಗಿಯೂ ಸೊಗಸಾಗಿತ್ತು. ಒಂಟಿತನದ ಕಹಿ ಹುಡುಕುವವರು ಬೇರೆ ಕಥೆ ಓದಿಕೊಳ್ಳಲಿ. ದಾಜಂಗ್ ಬೆರಳು ಚೀಪಿ ಚೀಪಿ ತಿಂದಳು.

ಆಗ ಬಾಗಿಲು ಸರಿಯಿತು. ಜೇಮುನ್! ಕೈಯಲ್ಲಿ ಉಳಿದಿದ್ದ ಕೊನೆಯ ಕಾಸು ಹಿಡಿದು ಅವನೂ ಬೆಳಿಗ್ಗೆಯಿಂದ ಬಾಗಿಲು ಬಾಗಿಲು ಅಲೆದು ಬಂದಿದ್ದ. ಅವಳನ್ನು ಕಂಡು ಅಲ್ಲೇ ನಿಂತ.

"ಒಬ್ಬರಿಗೆ ಊಟ..." ಎಂದು ಹಳೇ ಅಭ್ಯಾಸಕ್ಕೆ ಶುರು ಮಾಡಿದಳು ಮುದುಕಿ.

"ಚಿಕ್ಕಮ್ಮ!" ದಾಜಂಗ್ ಎದ್ದು ನಿಂತಳು. ಕೋಪ ಇನ್ನೂ ಇತ್ತು. ಆದರೆ ನ್ಯಾಯ ನ್ಯಾಯವೇ. "ಅವರಿಗೂ ಕೊಡಿ!"

"ನಿನಗೆ ಗೊತ್ತಿರೋನಾ? ಹಾಗಾದ್ರೆ ನಿನ್ನ ಮೇಜಿಗೇ..."

"ಬೇಡ. ಬೇರೆ ಮೇಜು. ಬೇರೆ ಊಟ. ಒಬ್ಬರಿಗೆ!"

"ನನ್ನ ಹೋಟೆಲು ಮುಚ್ಚಿಸೋಕೇ ಬಂದಿದ್ದೀಯ ನೀನು," ಎಂದು ಗೊಣಗುತ್ತ ಮುದುಕಿ ಅಡುಗೆಮನೆಗೆ ಹೋದಳು.

ಅವನು ದೂರದ ಮೇಜಿನಲ್ಲಿ ಕೂತ.

"ದಾಜಂಗ್ ಅವರೇ... ಲಿಫ್ಟ್ ಕೆಟ್ಟಾಗ ನಾವು ಮೊದಲು ಒಳಗಿದ್ದವರನ್ನ ಮಾತಾಡಿಸ್ತೀವಿ. ಅವರನ್ನ ಕೇಳದೆ ಬಾಗಿಲಿಗೆ ಕೈ ಹಾಕಲ್ಲ. ಇವತ್ತು ನಾನು ನಿಮ್ಮನ್ನ ಕೇಳಲಿಲ್ಲ. ತಪ್ಪಾಯ್ತು."

ಅವಳು ಬಟ್ಟಲಿನಿಂದ ತಲೆ ಎತ್ತಿ ಅವನತ್ತ ನೋಡಿದಳು.

"ನಿಮಗೆ ಇನ್ನೊಬ್ಬರು ಬೇಕಾಗಿಲ್ಲ, ಗೊತ್ತಾಯ್ತು. ಆದ್ರೆ ನನಗೆ... ನನಗೆ ಬೇಕು ಅನ್ಸುತ್ತೆ. ಯಾರಾದ್ರೂ ಅಲ್ಲ. ನೀವು. ನಿನ್ನೆ ಮೊಟ್ಟೆ ತಿಂದ ಮೇಲಿಂದ ಹೀಗಾಗಿದೆ."

"ಮೊಟ್ಟೆಯಿಂದನಾ?"

"ಮೊಟ್ಟೆ ನೆಪ."

ಅವನ ಏಡಿ ಬಂತು. ಅನ್ನವೂ ಬಂತು. ದಾಜಂಗ್ ತನ್ನ ಬಟ್ಟಲು, ಚಮಚ, ಉಳಿದ ಅರ್ಧ ಏಡಿ ಎಲ್ಲವನ್ನೂ ಎತ್ತಿಕೊಂಡು ಅವನ ಮೇಜಿನವರೆಗೆ ನಡೆದಳು. ಯಾರೂ ಅವಳನ್ನು ಅಲ್ಲಿ ಕೂರು ಎಂದಿರಲಿಲ್ಲ. ಕೂರಲೇಬೇಕೆಂಬ ಕಾನೂನೂ ಈಗ ಇರಲಿಲ್ಲ.

"ನಾನು... ಒಬ್ಬರ ಊಟ ಮಾತ್ರ ಹೇಳಿದ್ದೀನಿ," ಎಂದ ಅವನು ಗಾಬರಿಯಿಂದ.

"ನಾನೂ ಅಷ್ಟೇ. ನಿಮ್ಮದು ನಿಮಗೆ, ನನ್ನದು ನನಗೆ. ಕೂತ್ಕೊಳ್ಳೋದು ಮಾತ್ರ ಇಲ್ಲಿ. ಯಾಕಂದ್ರೆ ನನಗೆ ಇಷ್ಟ."

ಕಿಮ್ಚಿಯ ಒಂದು ಎಲೆ ಎತ್ತಿ ಅವನ ಅನ್ನದ ಮೇಲಿಟ್ಟಳು. ಅವನು ಅನ್ನವನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ.

"ಏನು ನೋಡ್ತಿದ್ದೀಯ? ತಿನ್ನು, ಅನ್ನ ಆರುತ್ತೆ."

"ಈಗ... 'ತಿನ್ನು' ಅಂದ್ರಾ?"

"ಅಂದೆ. ಏನೀಗ?"

"ಏನಿಲ್ಲ..." ಜೇಮುನ್‌ನ ಕಣ್ಣು ತುಂಬಿ ಬಂತು. "ಇನ್ನೊಂದು ಸಲ ಅನ್ನು."